‘ಟುಡೇ ಓನ್ಲಿ’ ಅಂದ್ರೆ ಇವತ್ತೇನಾ, ಇವತ್ತು ಮಾತ್ರನಾ?

ಡೊಂಬಿವಲಿ ಸ್ಟೇಷನ್‌ನಲ್ಲಿ ನಿಂತಾಗ ಆಫೀಸಿನ ಫೋನ್ ಬಂದ್ರೆ ಏನಂತೀವಿ? ‘ಐ ಆಮ್ ಹಿಯರ್ ಓನ್ಲಿ.’ ಪಕ್ಕದ ಮರಾಠಿಯವರೂ ಹಾಗೇ ಅಂತಾರೆ. ಯಾಕೆ? ನಮ್ಮ ‘ಇಲ್ಲೇ’ಯಲ್ಲಿ ಒಂದು ‘ಏ’ ಇದೆ, ಅವರ ‘ಇಥೇಚ’ದಲ್ಲಿ ಒಂದು ‘ಚ’ ಇದೆ. ಒತ್ತಿ ಹೇಳೋಕೆ ಅಷ್ಟೇ ಸಾಕು. ಇಂಗ್ಲಿಷ್‌ನಲ್ಲಿ ಅಂಥ ಪ್ರತ್ಯಯ ಇಲ್ಲ. ಅವರು ದನಿಯಲ್ಲೇ ಒತ್ತು ಕೊಡ್ತಾರೆ. ಹಾಗಾಗಿ ನಾವು ‘ಓನ್ಲಿ’ಯನ್ನ ಆ ಕೆಲಸಕ್ಕೆ ಹಚ್ಚಿದೀವಿ.

ಮಾತಲ್ಲಿ ಇದು ಚೆಂದ. ಆದ್ರೆ ಐರೋಲಿಯ ಆಫೀಸಿಂದ ಲಂಡನ್‌ಗೆ ಮೇಲ್ ಬರೆಯುವಾಗ ಹುಷಾರು. ‘ಐ ವಿಲ್ ಟೆಸ್ಟ್ ಟುಡೇ ಓನ್ಲಿ’ ಅಂದ್ರೆ ನಮಗೆ ‘ಇವತ್ತೇ ಮಾಡ್ತೀನಿ’. ಕ್ಲೈಂಟ್ ಓದೋದು, ‘ಇವತ್ತು ಮಾತ್ರ, ನಾಳೆ ಮಾಡಲ್ಲ’. ನಮಗೆ ‘ಏ’ ಬೇರೆ, ‘ಮಾತ್ರ’ ಬೇರೆ. ಮರಾಠಿಯಲ್ಲೂ ‘ಚ’ ಬೇರೆ, ‘ಫಕ್ತ’ ಬೇರೆ. ಅವರ ‘ಓನ್ಲಿ’ ಹೆಚ್ಚಾಗಿ ‘ಮಾತ್ರ’ದ ಪಕ್ಷ. ‘ಬೈ ದಿಸ್ ಈವ್ನಿಂಗ್’ ಅಂತ ಬರೀರಿ, ಗೊಂದಲ ಇರಲ್ಲ.

ಹಾಗಂತ ನಾಚ್ಕೋಬೇಡಿ. ನಮ್ಮ ಮೀಟಿಂಗ್‌ಗಳ ‘ಪ್ರಿಪೋನ್’ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ಸಾಕಷ್ಟು ಜನ ಸಾಕಷ್ಟು ದಿನ ಬಳಸಿದ್ದೇ ಭಾಷೆ. ಲೋಕಲ್ ಟ್ರೈನಲ್ಲಿ ಧಾರಾಳವಾಗಿ ‘ಓನ್ಲಿ’ ಅನ್ನಿ. ಡೆಡ್‌ಲೈನ್ ಹೇಳುವಾಗ ಮಾತ್ರ ಬೇಡ.