ಮಡಿಕೆಯ ಮರ್ಮ

(ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ವ್ಯಾಕರಣ ಛಂದಸ್ಸುಗಳನ್ನು ಬೋಧಿಸಿಕೊಂಡು ಬಂದಿರುವ ನಾವು ಈ ಸಂಜೆ ರಸಾಯನಶಾಸ್ತ್ರದ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು ಕೆಲವರು ಹುಬ್ಬೇರಿಸಿದುದನ್ನು ನಾವು ಬಲ್ಲೆವು. ಕಾರ್ಯದರ್ಶಿಗಳು ಕೇಳಿದ್ದುದು ಕುಮಾರವ್ಯಾಸನನ್ನು ಕುರಿತ ಭಾಷಣ. ಅದನ್ನು ಮುಂದಿನ ವರ್ಷಕ್ಕೆ ಸಾಲವಾಗಿಟ್ಟುಕೊಂಡಿದ್ದೇವೆ. ಇದಕ್ಕೆ ಕಾರಣವಾದುದು ನಮ್ಮ ಮನೆಯಲ್ಲಿಯೇ, ನಮ್ಮ ಕೈಯಿಂದಲೇ ಆದ ಒಂದು ಅಚಾತುರ್ಯ.

ನಮ್ಮ ತಾಯಿಯವರಿಗೆ ಬಹುಕಾಲದಿಂದ ಮಧುಮೇಹ. ಇನ್ಸುಲಿನ್ ಚುಚ್ಚುಮದ್ದಿಲ್ಲದೆ ಅವರಿಗೆ ದಿನ ಸಾಗದು. ಒಂದು ಬೇಸಗೆಯಲ್ಲಿ ನೆಂಟರ ಮನೆಯ ಮದುವೆಗೆ ಹೋಗಿದ್ದಾಗ, ಫ್ರಿಜ್ಜಿನಲ್ಲಿ ಇಡಬೇಕಾಗಿದ್ದ ಸೀಸೆಯನ್ನು ನಾವು ಪಡುವಣ ಕಿಟಕಿಯ ಮೇಲಿಟ್ಟು ಮರೆತೆವು. ಮೂರು ದಿನ ಅದು ಅಲ್ಲಿಯೇ ಬಿಸಿಲು ಕಾಯಿತು. ತಿಳಿನೀರಿನಂತಿರಬೇಕಾದ ಔಷಧ ಮಂಜು ಕವಿದಂತೆ ಮಸುಕಾಗಿದ್ದುದನ್ನು ಯಾರೂ ಗಮನಿಸಲಿಲ್ಲ. ಅದನ್ನೇ ಚುಚ್ಚಿದೆವು. ಊರಿಗೆ ಮರಳಿದ ಮರುದಿನ ತಾಯಿಯವರಿಗೆ ಏಳಲಾರದಷ್ಟು ಆಯಾಸ. ಪರೀಕ್ಷಿಸಿದಾಗ ರಕ್ತದ ಸಕ್ಕರೆ 400 ದಾಟಿತ್ತು. ವೈದ್ಯರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, “ಇದರಲ್ಲಿ ವಸ್ತುವೇನೋ ಇದೆ ಮಾಸ್ಟ್ರೇ, ಅದರ ಮಡಿಕೆ ಬಿಚ್ಚಿ ಹೋಗಿದೆ” ಎಂದರು. ತಾಯಿಯವರು ಚೇತರಿಸಿಕೊಂಡರು. ಆದರೆ ವೈದ್ಯರ ಆ ಮಾತು ನಮ್ಮನ್ನು ಬಿಡಲಿಲ್ಲ. ವಸ್ತು ಇದ್ದೂ ಔಷಧವಿಲ್ಲದಂತಾಗುವುದು ಹೇಗೆ? ನಮ್ಮ ಶಾಲೆಯ ವಿಜ್ಞಾನದ ಮಾಸ್ಟ್ರ ಬೆನ್ನು ಹತ್ತಿ, ಅವರ ಪುಸ್ತಕಗಳನ್ನು ತಂದು ಓದಿ, ನಮಗೆ ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊಟ್ಟೆಯನ್ನು ಬೇಯಿಸುವುದನ್ನು ನೀವೆಲ್ಲರೂ ಕಂಡಿದ್ದೀರಿ. ತಿನ್ನದವರೂ ಕಂಡಿರಬಹುದು. ನೀರಿನಂತಿದ್ದ ಬಿಳಿಯ ಭಾಗ ಗಟ್ಟಿಯಾಗುತ್ತದೆ. ಹೊರಗಿನಿಂದ ಏನನ್ನೂ ಸೇರಿಸಿಲ್ಲ, ಒಳಗಿನಿಂದ ಏನನ್ನೂ ತೆಗೆದಿಲ್ಲ. ಅದರಲ್ಲಿರುವ ಪ್ರೋಟೀನುಗಳು ಉದ್ದನೆಯ ಸರಪಳಿಗಳು. ಅಮೈನೋ ಆಮ್ಲಗಳೆಂಬ ಕೊಂಡಿಗಳಿಂದ ಆದ ಈ ಸರಪಳಿಗಳು ಹಸಿಯ ಮೊಟ್ಟೆಯಲ್ಲಿ ಅಚ್ಚುಕಟ್ಟಾಗಿ ಮಡಿಚಿಕೊಂಡಿರುತ್ತವೆ. ಬಿಸಿ ತಗುಲಿದೊಡನೆ ಆ ಮಡಿಕೆಗಳು ಬಿಚ್ಚಿ, ಒಂದರ ಎಳೆ ಇನ್ನೊಂದಕ್ಕೆ ತೊಡರಿ, ಬಿಡಿಸಲಾರದ ಗೋಜಾಗುತ್ತದೆ. ನಮ್ಮ ಸೀಸೆಯಲ್ಲಿಯೂ ಆದುದು ಬಹುಮಟ್ಟಿಗೆ ಇದೇ. ಇನ್ಸುಲಿನ್ ಎಂಬುದು 21 ಕೊಂಡಿಗಳ ಒಂದು ಎಳೆ ಮತ್ತು 30 ಕೊಂಡಿಗಳ ಇನ್ನೊಂದು ಎಳೆ ಕೂಡಿದ ಪುಟ್ಟ ಪ್ರೋಟೀನು. ದೇಹದ ಜೀವಕೋಶದ ಮೇಲಿರುವ ಬೀಗಕ್ಕೆ ಅದು ಬೀಗದ ಕೈಯಂತೆ ಕೂರಬೇಕು. ಬಾಗಿದ ಕೈ ಬೀಗವನ್ನು ತೆರೆಯುವುದುಂಟೇ?

ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳಿದ್ದರೆ ಪ್ರಕೃತಿಯ ಈ ವರ್ಣಮಾಲೆಯಲ್ಲಿ ಮುಖ್ಯವಾಗಿ 20. ಹಾಗಾದರೆ ಈ ಅಕ್ಷರಗಳ ಸಾಲಿಗೆ ಇಂಥದೇ ಆಕಾರದಲ್ಲಿ ಮಡಿಚಿಕೊಳ್ಳೆಂದು ಹೇಳಿಕೊಟ್ಟವರು ಯಾರು? ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸೆನ್ ಎಂಬವರು 124 ಕೊಂಡಿಗಳ ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನನ್ನು ತೆಗೆದುಕೊಂಡು, ರಾಸಾಯನಿಕಗಳಿಂದ ಅದರ ಮಡಿಕೆಯನ್ನೆಲ್ಲ ಬಿಚ್ಚಿದರು. ಅದು ನಿಷ್ಕ್ರಿಯವಾಯಿತು. ಬಳಿಕ ಆ ರಾಸಾಯನಿಕಗಳನ್ನು ಮೆಲ್ಲನೆ ತೊಲಗಿಸಲು, ಯಾರ ನೆರವೂ ಇಲ್ಲದೆ ಅದು ಮರಳಿ ಮಡಿಚಿಕೊಂಡು ಮೊದಲಿನಂತೆ ಕೆಲಸ ಮಾಡತೊಡಗಿತು. ಆಕಾರದ ಗುಟ್ಟು ಅಕ್ಷರಗಳ ಸಾಲಿನಲ್ಲಿಯೇ ಅಡಗಿದೆಯೆಂದು ತೋರಿಸಿದ ಈ ಕೆಲಸಕ್ಕೆ 1972ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಈಗ ಮಡಿಕೆಯ ನಿಯಮಕ್ಕೆ ಬರೋಣ. ನಮ್ಮ ಹಳ್ಳಿಗಳಲ್ಲಿ ಅಡಕೆಯ ಹಾಳೆಯಿಂದ ಮುಟ್ಟಾಳೆ ಮಾಡುವವರನ್ನು ನೋಡಿರಿ. ಹಾಳೆಯನ್ನು ನೆನೆಸಿ ಮೆದುಗೊಳಿಸಿದರೂ ಅದು ಎಲ್ಲೆಂದರಲ್ಲಿ ಮಡಿಚಲು ಒಪ್ಪುವುದಿಲ್ಲ. ನಾರು ಹೋದ ದಿಕ್ಕನ್ನು ಅನುಸರಿಸಿದರೆ ಬಾಗುತ್ತದೆ, ಅದಕ್ಕೆ ಎದುರಾಗಿ ಒತ್ತಾಯಿಸಿದರೆ ಸೀಳುತ್ತದೆ. ಪ್ರೋಟೀನಿನ ಸರಪಳಿಯೂ ಹಾಗೆಯೇ. ಎರಡು ಅಮೈನೋ ಆಮ್ಲಗಳನ್ನು ಜೋಡಿಸುವ ಬಂಧ ಹಲಗೆಯಂತೆ ಚಪ್ಪಟೆ, ಅದು ತಿರುಗದು. ತಿರುಗುವುದು ಪ್ರತಿಯೊಂದು ಅಕ್ಷರದ ನಡುವಿನ ಇಂಗಾಲದ ಅತ್ತ ಒಂದು, ಇತ್ತ ಒಂದು, ಹೀಗೆ ಎರಡು ಬಂಧಗಳು ಮಾತ್ರ. ಈ ಎರಡು ತಿರುವುಗಳನ್ನು ಎಷ್ಟೆಷ್ಟು ತಿರುಗಿಸಬಹುದು?

ಇದಕ್ಕೆ ಉತ್ತರ ಕೊಟ್ಟವರು ನಮ್ಮ ನೆರೆಯವರೇ. 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದ ಜಿ. ಎನ್. ರಾಮಚಂದ್ರನ್‌ರವರು ಮದರಾಸು ವಿಶ್ವವಿದ್ಯಾಲಯದಲ್ಲಿದ್ದಾಗ, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್‌ರವರೊಡನೆ ಕೂಡಿ 1963ರಲ್ಲಿ ಒಂದು ನಕ್ಷೆಯನ್ನು ಪ್ರಕಟಿಸಿದರು. ಒಂದು ತಿರುವಿನ ಕೋನವನ್ನು ಅಡ್ಡಲಾಗಿಯೂ ಇನ್ನೊಂದರದನ್ನು ಉದ್ದವಾಗಿಯೂ ಗುರುತಿಸಿ, ಯಾವ ಯಾವ ಕೋನಗಳಲ್ಲಿ ಅಣುವಿನ ಒಂದು ಭಾಗ ಇನ್ನೊಂದಕ್ಕೆ ಢಿಕ್ಕಿ ಹೊಡೆಯುತ್ತದೆಂದು ಲೆಕ್ಕ ಹಾಕಿದರು. ನಕ್ಷೆಯ ಸುಮಾರು ಮುಕ್ಕಾಲು ಪಾಲು ನಿಷಿದ್ಧ ಪ್ರದೇಶವೆಂದು ತಿಳಿದುಬಂತು. ಇಂದಿಗೂ ಲೋಕದ ಎಲ್ಲೆಡೆ ಪ್ರೋಟೀನಿನ ಆಕಾರವನ್ನು ಕಂಡುಹಿಡಿದವರು ಈ ‘ರಾಮಚಂದ್ರನ್ ನಕ್ಷೆ’ಗೆ ಅದನ್ನು ಒಡ್ಡಿ ಪರೀಕ್ಷಿಸುತ್ತಾರೆ. ದುಬಾರಿ ಯಂತ್ರವಿಲ್ಲದೆ, ಮಾದರಿಗಳಿಂದಲೂ ಲೆಕ್ಕದಿಂದಲೂ ಸಾಧಿಸಿದ ಕೆಲಸವಿದು. ಇಂಥದಕ್ಕೆ ನೊಬೆಲ್ ಬರಲಿಲ್ಲವೆಂಬುದು ನಮಗಂತೂ ನುಂಗಲಾರದ ತುತ್ತು.

ಛಂದಸ್ಸು ಓದಿದವರಿಗೆ ಇದು ಹೊಸತಲ್ಲ. ಕಂದಪದ್ಯದ ಗಣಗಳೆಲ್ಲ ನಾಲ್ಕು ಮಾತ್ರೆಯವು. ನಾಲ್ಕು ಮಾತ್ರೆಯನ್ನು ಐದು ಬಗೆಯಾಗಿ ಹಾಕಬಹುದಾದರೂ ಬೆಸಸಂಖ್ಯೆಯ ಸ್ಥಾನದಲ್ಲಿ ಜಗಣ ಬರಕೂಡದು. ಆ ನಿಷೇಧವಿಲ್ಲದಿದ್ದರೆ ಕಂದದ ನಡಿಗೆಯೇ ಇಲ್ಲ. ಸರಪಳಿಗೆ ಎಲ್ಲ ಕಡೆಗೂ ತಿರುಗುವ ಸ್ವಾತಂತ್ರ್ಯವಿದ್ದಿದ್ದರೆ ಅದು ಯಾವ ಆಕಾರದಲ್ಲಿಯೂ ನೆಲೆನಿಲ್ಲುತ್ತಿರಲಿಲ್ಲ. ಒಪ್ಪಿತವಾದ ಎಡೆಗಳು ಕೆಲವೇ ಆದುದರಿಂದ ಅದು ಅಲ್ಲಿ ಹೋಗಿ ಕೂರುತ್ತದೆ. ಆ ಎಡೆಗಳಲ್ಲಿ ಒಂದು ಬಲಸುರುಳಿಯದು. 1948ರಲ್ಲಿ ಆಕ್ಸ್‌ಫರ್ಡಿನಲ್ಲಿ ನೆಗಡಿಯಿಂದ ಹಾಸಿಗೆ ಹಿಡಿದಿದ್ದ ಲೈನಸ್ ಪಾಲಿಂಗ್‌ರವರು ಕಾಗದದ ಮೇಲೆ ಸರಪಳಿಯನ್ನು ಬರೆದು, ಅದನ್ನು ಮಡಿಚಿ ಮಡಿಚಿ ಈ ಸುರುಳಿಯನ್ನು ಕಂಡರು. 1951ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದರು. ಒಂದು ಸುತ್ತಿಗೆ 3.6 ಅಕ್ಷರ. ಒಂದು ಅಕ್ಷರದ ಆಮ್ಲಜನಕವು ನಾಲ್ಕು ಸ್ಥಾನ ಮುಂದಿನ ಅಕ್ಷರದ ಸಾರಜನಕದ ಮೇಲಿರುವ ಜಲಜನಕವನ್ನು ಸೆಳೆದು ಹಿಡಿಯುತ್ತದೆ. ಈ ಹಿಡಿತಗಳೇ ಸುರುಳಿಗೆ ಹಾಕಿದ ಹೊಲಿಗೆ.

ಇಷ್ಟು ಪ್ರಕೃತಿಯ ಕಥೆ. ನಮ್ಮನ್ನು ಬೆರಗುಗೊಳಿಸಿದುದು ಮುಂದಿನದು. ಪ್ರಕೃತಿ ಬಳಸದ ಅಕ್ಷರಗಳಿಂದ ಮನುಷ್ಯನು ಸರಪಳಿ ಕಟ್ಟಿದರೆ ಅದೂ ಮಡಿಚಿಕೊಂಡೀತೇ?

ಅಮೈನೋ ಆಮ್ಲದ ಬೆನ್ನೆಲುಬಿನಲ್ಲಿ ಒಂದು ಇಂಗಾಲವನ್ನು ಹೆಚ್ಚಾಗಿ ಸೇರಿಸಿದರೆ ಬೀಟಾ ಅಮೈನೋ ಆಮ್ಲವಾಗುತ್ತದೆ. ಇವುಗಳ ಸರಪಳಿಯಲ್ಲಿ ಪ್ರತಿ ಅಕ್ಷರಕ್ಕೂ ತಿರುಗುವ ಬಂಧ ಒಂದು ಹೆಚ್ಚು. ಆದುದರಿಂದ ಇದು ಹಗ್ಗದಂತೆ ಜೋತುಬೀಳುವುದೇ ಸಹಜವೆಂದು ಯಾರಿಗಾದರೂ ತೋರುವುದು. 1996ರಲ್ಲಿ ಜ್ಯೂರಿಕ್‌ನ ಡೀಟರ್ ಸೀಬಾಖ್‌ರವರ ತಂಡವೂ ಅಮೆರಿಕದ ವಿಸ್ಕಾನ್ಸಿನ್ನಿನ ಸ್ಯಾಮ್ಯುಯಲ್ ಗೆಲ್ಮನ್‌ರವರ ತಂಡವೂ ಬೇರೆ ಬೇರೆಯಾಗಿ ನೋಡಿದುದು ಇದಕ್ಕೆ ತದ್ವಿರುದ್ಧ. ಸೀಬಾಖ್‌ರವರ ಆರೇ ಅಕ್ಷರಗಳ ಸರಪಳಿ ದ್ರಾವಣದಲ್ಲಿ ಸುರುಳಿಯಾಗಿ ನಿಂತಿತ್ತು. ಪ್ರಕೃತಿಯ ಅಕ್ಷರಗಳ ಅಷ್ಟು ಗಿಡ್ಡ ಸಾಲು ಸಾಮಾನ್ಯವಾಗಿ ಹಾಗೆ ನಿಲ್ಲುವುದಿಲ್ಲ. ಇನ್ನೂ ವಿಚಿತ್ರವೆಂದರೆ, ಪ್ರಕೃತಿಯ ಅಕ್ಷರಗಳಿಂದ ಹುಟ್ಟಿಸಿದ ಈ ಬೀಟಾ ಸುರುಳಿ ಸುತ್ತಿದುದು ಎಡಕ್ಕೆ. ಗೆಲ್ಮನ್‌ರವರು ಮುಟ್ಟಾಳೆಯವನ ಜಾಣ್ಮೆಯನ್ನು ತೋರಿದರು. ಹೆಚ್ಚಾದ ಬಂಧವನ್ನು ಇಂಗಾಲದ ಒಂದು ಉಂಗುರದೊಳಗೆ ಸಿಕ್ಕಿಸಿ ಅದು ತಿರುಗದಂತೆ ಕಟ್ಟಿಹಾಕಿದರು. ಆರು ಇಂಗಾಲದ ಉಂಗುರವಿಟ್ಟರೆ ಒಂದು ಬಗೆಯ ಸುರುಳಿ, ಐದರದನ್ನಿಟ್ಟರೆ ಇನ್ನೊಂದು ಬಗೆ.

ನಮಗೆ ಷಟ್ಪದಿಯ ನೆನಪಾಯಿತು. ಶರ ಷಟ್ಪದಿಯ ನಾಲ್ಕು ಮಾತ್ರೆಯ ಗಣಗಳಿಗೆ ಒಂದೊಂದು ಮಾತ್ರೆ ಕೂಡಿಸಿದರೆ ಪದ್ಯ ಕೆಡುವುದಿಲ್ಲ, ಕುಸುಮ ಷಟ್ಪದಿಯಾಗುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಹಾಗಾದರೆ ಎಲ್ಲ ಗಣಕ್ಕೂ ಕೂಡಿಸಬೇಕಲ್ಲವೇ ಮಾಸ್ಟ್ರೇ, ಒಂದಕ್ಕೆ ಮಾತ್ರ ಕೂಡಿಸಿದರೆ?” ಎಂದಳು. ಪದ್ಯದಲ್ಲಾದರೆ ಮುಗ್ಗರಿಸುತ್ತದೆ. ಅಣುವಿನಲ್ಲಿ ಅದೂ ಸಾಧ್ಯವಾಗಿದೆ. ಅದನ್ನು ಆಮೇಲೆ ಹೇಳುತ್ತೇವೆ.

ಹೀಗೆ ತಾವಾಗಿ ಗೊತ್ತಾದ ಆಕಾರಕ್ಕೆ ಮಡಿಚಿಕೊಳ್ಳುವ ಕೃತಕ ಸರಪಳಿಗಳಿಗೆ ಗೆಲ್ಮನ್‌ರವರು ‘ಫೋಲ್ಡಮರ್’ ಎಂದು ಹೆಸರಿಟ್ಟು, 1998ರಲ್ಲಿ ಇವುಗಳ ಭವಿಷ್ಯವನ್ನು ಕುರಿತು ಪ್ರಣಾಳಿಕೆಯಂಥ ಒಂದು ಲೇಖನವನ್ನೇ ಬರೆದರು. ಕನ್ನಡದಲ್ಲಿ ಏನೆನ್ನೋಣ? ‘ಮಡಿ’ ನಮ್ಮಲ್ಲಿ ದೊಡ್ಡ ಸಂಸಾರದ ಶಬ್ದ. ಬಟ್ಟೆಯ ಮಡಿ ಬೇರೆ, ಅಜ್ಜಿಯ ಮಡಿ ಬೇರೆ. ಇಮ್ಮಡಿ ಪುಲಕೇಶಿಯೂ ಇಲ್ಲಿಯವನೇ. ‘ಮಡಿಯುವ ಅಣು’ ಎಂದರೆ ಸಾಯುವ ಅಣುವೆಂದು ಮಕ್ಕಳು ನಕ್ಕಾರು. ‘ಮಡಿಕೆಯಣು’ ಎಂದು ನಾವು ಕರೆದುಕೊಂಡಿದ್ದೇವೆ. ಯಕಾರಾಗಮ ಸರಿಯಾಗಿದೆ. ಇದಕ್ಕಿಂತ ಚೆಲುವಾದುದನ್ನು ತಂದವರಿಗೆ ನಾವು ತಲೆಬಾಗುತ್ತೇವೆ.

ಇವುಗಳಿಂದ ಪ್ರಯೋಜನವೇನೆಂದು ತಾಯಂದಿರು ಕೇಳಬಹುದು. ನಮ್ಮ ಹೊಟ್ಟೆಯಲ್ಲಿ, ರಕ್ತದಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಊಟ ಜೀರ್ಣವಾಗುವುದು ಅವುಗಳಿಂದಲೇ. ಇನ್ಸುಲಿನ್ನನ್ನು ನುಂಗದೆ ಚುಚ್ಚಿಸಿಕೊಳ್ಳುವುದು ಈ ಕತ್ತರಿಗಳಿಗೆ ಅಂಜಿಯೇ. ಆದರೆ ಕತ್ತರಿಗೆ ಪರಿಚಯವಿರುವುದು ಪ್ರಕೃತಿಯ ಬೆನ್ನೆಲುಬು. ಬೀಟಾ ಸರಪಳಿಯನ್ನು ಪೆಪ್ಸಿನ್ ಮುಂತಾದ ಕಿಣ್ವಗಳೊಡನೆ ಇಟ್ಟು ನೋಡಿದಾಗ ಅವು ಅದನ್ನು ಕತ್ತರಿಸಲಾರದೆ ಹೋದುವು.

ಬೆಂಗಳೂರಿನ ಪಾಲೂ ಇದರಲ್ಲಿದೆ. ರಾಮಚಂದ್ರನ್‌ರವರು 1970ರ ದಶಕದ ಆರಂಭದಲ್ಲಿ ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಅದೇ ವಿಭಾಗದಲ್ಲಿ ಪಿ. ಬಲರಾಮ್‌ರವರು ‘ಎಐಬಿ’ ಎಂಬ ಅಕ್ಷರದ ಬೆನ್ನು ಹತ್ತಿದರು. ಸಾಮಾನ್ಯ ಅಕ್ಷರದ ನಡುವಿನ ಇಂಗಾಲಕ್ಕೆ ಒಂದು ಕಡೆ ಪುಟ್ಟ ಜಲಜನಕವಿದ್ದರೆ ಇದಕ್ಕೆ ಎರಡು ಕಡೆಯೂ ಮೀಥೈಲ್ ಗುಂಪುಗಳು. ಎರಡು ಹೆಗಲಿಗೂ ಹೊರೆ ಹೊತ್ತವನು ಇಕ್ಕಟ್ಟಿನ ಓಣಿಯಲ್ಲಿ ತಿರುಗಲಾರನಷ್ಟೆ. ರಾಮಚಂದ್ರನ್ ನಕ್ಷೆಯಲ್ಲಿ ಈ ಅಕ್ಷರಕ್ಕೆ ಸುರುಳಿಯ ಎಡೆಗಳನ್ನು ಬಿಟ್ಟರೆ ಬೇರೆ ಜಾಗ ಇಲ್ಲವೆನ್ನುವಷ್ಟು ಕಡಮೆ. ಅದನ್ನು ಇಟ್ಟಲ್ಲಿ ಸರಪಳಿ ಸುರುಳಿಯಾಗಲೇಬೇಕು. ಬಲರಾಮ್‌ರವರೂ ಅಮೆರಿಕದ ಇಸಬೆಲ್ಲಾ ಕಾರ್ಲ್‌ರವರೂ ಕೂಡಿ ಇಂಥ ಅನೇಕ ಸುರುಳಿಗಳನ್ನು ಹರಳುಗಳಲ್ಲಿ ಕಣ್ಣಾರೆ ಕಾಣುವಂತೆ ತೋರಿಸಿದರು. ಬೀಟಾ, ಗಾಮಾ ಅಕ್ಷರಗಳನ್ನು ಬೆರೆಸಿದ ಸರಪಳಿಗಳನ್ನೂ ಬೆಂಗಳೂರಿನಲ್ಲಿ ಕಟ್ಟಿ ನೋಡಿದರು. ಅಂದ ಹಾಗೆ ಎಐಬಿ ಪೂರ್ತಿ ಮನುಷ್ಯಕೃತವಲ್ಲ. ಕರಿಮೆಣಸಿನ ಬಳ್ಳಿಯ ಬುಡಕ್ಕೆ ಸೊರಗು ರೋಗ ಬರದಂತೆ ನೀವು ಹಾಕುವ ಟ್ರೈಕೋಡರ್ಮವಿದೆಯಲ್ಲ, ಆ ಜಾತಿಯ ಶಿಲೀಂಧ್ರ ತಯಾರಿಸುವ ಅಲಮೆಥಿಸಿನ್ನಿನಲ್ಲಿ ಈ ಅಕ್ಷರ ಧಾರಾಳವಾಗಿದೆ. ತೋಟದ ಮಣ್ಣಿನಲ್ಲಿದ್ದುದನ್ನು ನಾವು ಕಂಡಿರಲಿಲ್ಲ, ಅಷ್ಟೆ.

ಈ ಒಂದು ಅಕ್ಷರ ಈಗ ಮಧುಮೇಹಿಗಳ ಮನೆಗೂ ಬಂದಿದೆ. ಊಟವಾದ ಮೇಲೆ ಇನ್ಸುಲಿನ್ನನ್ನು ಹೊರಡಿಸೆಂದು ಹೇಳುವ ಜಿಎಲ್‌ಪಿ-1 ಎಂಬ ಹಾರ್ಮೋನು ನಮ್ಮ ಕರುಳಿನಲ್ಲಿಯೇ ಹುಟ್ಟುತ್ತದೆ. ಆದರೆ ಕೆಲವೇ ನಿಮಿಷಗಳಲ್ಲಿ ಒಂದು ಕಿಣ್ವ ಅದರ ತುದಿಯ ಎರಡು ಅಕ್ಷರಗಳನ್ನು ಕತ್ತರಿಸಿಹಾಕುತ್ತದೆ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೆಮಾಗ್ಲುಟೈಡ್ ಎಂಬ ಔಷಧದಲ್ಲಿ, ಕತ್ತರಿ ಬೀಳುವ ಆ ಸ್ಥಾನದಲ್ಲಿ ಅಲನೀನಿನ ಬದಲು ಎಐಬಿಯನ್ನು ಕೂರಿಸಿದ್ದಾರೆ. ಕತ್ತರಿಯ ಬಾಯಿಗೆ ಅದು ಸಿಕ್ಕುವುದಿಲ್ಲ. ಜೊತೆಗೆ ರಕ್ತದ ಆಲ್ಬುಮಿನ್ನಿಗೆ ಅಂಟಿಕೊಳ್ಳುವಂತೆ ಒಂದು ಕೊಬ್ಬಿನ ಬಾಲವನ್ನೂ ಜೋಡಿಸಿದ್ದಾರೆ. ಇವೆಲ್ಲದರಿಂದ ವಾರಕ್ಕೊಮ್ಮೆ ಚುಚ್ಚಿದರೆ ಸಾಕಾಗುತ್ತದೆ. ಇದು ಪೂರ್ಣ ಅರ್ಥದ ಮಡಿಕೆಯಣುವಲ್ಲ, ಪ್ರಕೃತಿಯ ಸಾಲಿನಲ್ಲಿ ಪರಕೀಯ ಅಕ್ಷರವೊಂದನ್ನು ಇಟ್ಟುದು. ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಗೆ ಉತ್ತರ ಇದರ ಮುಂದಿನ ಮೆಟ್ಟಿಲಿನಲ್ಲಿದೆ. 2014ರಲ್ಲಿ ಗೆಲ್ಮನ್‌ರವರ ತಂಡ ಎಲುಬಿನ ಸುಣ್ಣವನ್ನು ನಿಯಂತ್ರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನಿನಲ್ಲಿ ಅಲ್ಲಲ್ಲಿ ಮಾತ್ರ ಬೀಟಾ ಅಕ್ಷರಗಳನ್ನು ಇಟ್ಟು, ಸುರುಳಿ ಕೆಡದೆ, ಕೆಲಸವೂ ಕೆಡದೆ, ಇಲಿಗಳ ಮೈಯಲ್ಲಿ ಅದು ಹೆಚ್ಚು ಹೊತ್ತು ಬಾಳುವುದನ್ನು ತೋರಿಸಿತು.

ಸುರುಳಿ ಕಟ್ಟುವುದು ಒಂದಾದರೆ ಸುರುಳಿಗಳನ್ನು ಕೂಡಿಸಿ ಮನೆ ಕಟ್ಟುವುದು ಇನ್ನೊಂದು. 2007ರಲ್ಲಿ ಅಲಾನಾ ಶೆಪಾರ್ಟ್ಜ್‌ರವರ ತಂಡ ಎಂಟು ಬೀಟಾ ಸುರುಳಿಗಳು, ನೀರಿಗೆ ಹೇಸುವ ಮೈಯನ್ನು ಒಳಗಿಟ್ಟು, ಒಂದಕ್ಕೊಂದು ಒತ್ತಿ ಕುಳಿತುದನ್ನು ತೋರಿಸಿತು. ಪ್ರೋಟೀನುಗಳಂತೆಯೇ! ಆದರೂ ಪ್ರಕೃತಿಯ ಪ್ರೋಟೀನಿನ ಮುಂದೆ ಇವು ಇನ್ನೂ ತೊದಲುನುಡಿಗಳು. ಪ್ರಕೃತಿಯ ಅಕ್ಷರಗಳ ಸಾಲು ಹೇಗೆ ಮಡಿಚಿಕೊಂಡೀತೆಂದು ಮುಂಚಿತವಾಗಿ ಹೇಳುವ ಗಣಕಯಂತ್ರದ ವಿದ್ಯೆಗೆ 2024ರ ರಸಾಯನಶಾಸ್ತ್ರದ ನೊಬೆಲ್ಲಿನಲ್ಲಿ ಅರ್ಧಪಾಲು ಬಂದುದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಆ ವಿದ್ಯೆ ಕಲಿತುದು ಪ್ರಕೃತಿಯ ಅಸಂಖ್ಯ ಉದಾಹರಣೆಗಳಿಂದ. ಹೊಸ ಅಕ್ಷರಗಳಿಗೆ ಅಷ್ಟು ಉದಾಹರಣೆಗಳಿಲ್ಲ. ಇಲ್ಲಿ ಈಗಲೂ ಕಟ್ಟಿ, ಹರಳುಗೊಳಿಸಿ, ನೋಡಿಯೇ ತಿಳಿಯಬೇಕಾದುದು ಬಹಳವಿದೆ.

ನಮ್ಮ ತಾಯಿಯವರ ಇನ್ಸುಲಿನ್ ಸೀಸೆ ಈಗಲೂ ಫ್ರಿಜ್ಜಿನಲ್ಲಿಯೇ ಇದೆ, 2ರಿಂದ 8 ಡಿಗ್ರಿಯೊಳಗೆ. ವಿದ್ಯುತ್ತು ದೀರ್ಘಕಾಲ ಹೋದ ದಿನ ಅದನ್ನು ನೀರು ತಾಗದಂತೆ ಡಬ್ಬಿಯಲ್ಲಿಟ್ಟು, ಒದ್ದೆಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ ಇಳಿಸುತ್ತೇವೆ. ಚುಚ್ಚುವ ಮೊದಲು ತಾಯಿಯವರೇ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಮಡಿಕೆ ಸರಿಯಿದೆಯೇನೋ ನೋಡು” ಎನ್ನುತ್ತಾರೆ. ನಾವು ನೋಡುತ್ತೇವೆ.

ಇನ್ನು ಕೋನ, ಲೆಕ್ಕಗಳ ವಿಷಯದಲ್ಲಿ ಸಂದೇಹವಿರುವ ವಿದ್ಯಾರ್ಥಿಗಳು, ಎದುರಿನ ಸಾಲಿನಲ್ಲಿ ಕುಳಿತಿರುವ ನಮ್ಮ ವಿಜ್ಞಾನದ ಮಾಸ್ಟ್ರನ್ನು ಕೇಳಬಹುದು. ಇಷ್ಟು ಹೊತ್ತು ಅವರು ನಮ್ಮ ತಪ್ಪುಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದುದನ್ನು ನಾವು ಕಂಡಿದ್ದೇವೆ.