ಕೂಡಿ ಕಲಿತರೆ ಗಣಿತ ಭಾರವಲ್ಲ

(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ನಿಮ್ಮ ಹೆಣ್ಣುಮಕ್ಕಳ ಕಾಲೇಜು ಓದಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಮಗಳು ಪಿಯುಸಿ ಮುಗಿಸಿ ಡಿಗ್ರಿಗೆ ಸೇರುತ್ತಾಳೆ. ಗಣಿತದಲ್ಲಿ ಫೇಲಾದರೆ ನಾವು ಏನಂತೀವಿ? "ನಾವು ಓದಿದವರಲ್ಲ, ಬಡವರು. ಇವಳ ತಲೆಗೆ ಎಲ್ಲಿಂದ ಹತ್ತಬೇಕು?" ಅಂತೀವಿ. ಅಲ್ಲಿಗೆ ಓದು ನಿಲ್ಲುತ್ತೆ, ಗಂಡು ಹುಡುಕೋದು ಶುರುವಾಗುತ್ತೆ.

ಇಂಥ ಮಾತು ನಿಜವೇ ಎಂದು ಪರೀಕ್ಷೆ ಮಾಡಿ ನೋಡಿದ ಗಣಿತದ ಪ್ರೊಫೆಸರ್ ಒಬ್ಬರಿದ್ದಾರೆ. ಅಮೆರಿಕದವರು, ಹೆಸರು ಯೂರಿ ಟ್ರೈಸ್‌ಮನ್. 1970ರ ದಶಕದಲ್ಲಿ ಅವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿ ಡಿಗ್ರಿಯ ಮೊದಲ ಹಂತದಲ್ಲಿ ಕ್ಯಾಲ್ಕುಲಸ್ ಎಂಬ ಗಣಿತ ಕಲಿಯಬೇಕು. ಅದರಲ್ಲಿ ಸೋತರೆ ಎಂಜಿನಿಯರಿಂಗ್, ವಿಜ್ಞಾನದ ಬಾಗಿಲು ಮುಚ್ಚಿದ ಹಾಗೆ. ಕಪ್ಪು ಜನಾಂಗದ ಮಕ್ಕಳು ಅದರಲ್ಲಿ ಬಹಳ ಮಂದಿ ಸೋಲುತ್ತಿದ್ದರು. ಚೀನಾ ಮೂಲದ ಮಕ್ಕಳು ಚೆನ್ನಾಗಿ ಪಾಸಾಗುತ್ತಿದ್ದರು.

ಯಾಕೆ ಹೀಗೆ ಎಂದು ಕೇಳಿದರೆ ಅಧ್ಯಾಪಕರು ಹೇಳಿದ್ದು ನಾವು ಹೇಳುವುದನ್ನೇ: ಆಸಕ್ತಿ ಇಲ್ಲ, ಅಡಿಪಾಯ ಸರಿಯಿಲ್ಲ, ಮನೆಯ ಬೆಂಬಲ ಇಲ್ಲ, ಬಡತನ. ಟ್ರೈಸ್‌ಮನ್ ಎರಡೂ ಕಡೆಯಿಂದ 20-20 ಮಕ್ಕಳನ್ನು ಆರಿಸಿ, ಅವರು ಓದುವ ರೀತಿಯನ್ನು ತಿಂಗಳುಗಟ್ಟಲೆ ಹತ್ತಿರದಿಂದ ನೋಡಿದರು. ಅಧ್ಯಾಪಕರು ಕೊಟ್ಟ ಕಾರಣಗಳು ನಿಲ್ಲಲಿಲ್ಲ. ಕಪ್ಪು ಮಕ್ಕಳು ಶ್ರಮಪಟ್ಟು ಓದುವವರೇ, ಮನೆಯವರಿಗೂ ಓದಿಸುವ ಆಸೆ ಬಹಳ. ಆದರೆ ಅವರಲ್ಲಿ 18 ಮಂದಿ ಒಬ್ಬೊಬ್ಬರೇ ಓದುತ್ತಿದ್ದರು. ಲೆಕ್ಕ ತಪ್ಪಿದರೆ ತಮ್ಮಲ್ಲೇ ಕೊರತೆ ಎಂದುಕೊಳ್ಳುತ್ತಿದ್ದರು. ಚೀನಾ ಮೂಲದ ಮಕ್ಕಳು ಮೊದಲು ಒಂಟಿಯಾಗಿ ಓದಿ, ಆಮೇಲೆ ಗುಂಪಾಗಿ ಕೂತು ಒಬ್ಬರ ಲೆಕ್ಕ ಒಬ್ಬರು ತಿದ್ದುತ್ತಿದ್ದರು.

ಆಮೇಲೆ ಟ್ರೈಸ್‌ಮನ್ ಗುಂಪು ಕಲಿಕೆಯ ಕಾರ್ಯಾಗಾರ ಆರಂಭಿಸಿದರು. ಅದನ್ನು ದಡ್ಡರ ಟ್ಯೂಷನ್ ಮಾಡಲಿಲ್ಲ. "ನೀವು ಜಾಣರು" ಎಂದು ಕರೆದು, ಕಷ್ಟದ ಲೆಕ್ಕಗಳನ್ನೇ ಕೊಟ್ಟರು. ಅದರಲ್ಲಿ ಸೇರಿದ ಕಪ್ಪು ಮಕ್ಕಳು ತರಗತಿಯ ಉಳಿದವರನ್ನೂ ಮೀರಿಸಿದರು. ಮುಂದೆ ಅವರು ಟೆಕ್ಸಾಸ್‌ನ ಆಸ್ಟಿನ್‌ಗೆ ಹೋಗಿ ಇದೇ ಕೆಲಸ ಮುಂದುವರಿಸಿದರು. 1992ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಿಕ್ಕಿತು.

ಅಕ್ಕ-ತಂಗಿಯರೇ, ಇದು ನಿಮಗೆ ಹೊಸದಲ್ಲ. ಒಬ್ಬಳೇ ಬ್ಯಾಂಕಿಗೆ ಹೋಗಲು ಹೆದರುತ್ತಿದ್ದವರು ಸಂಘ ಕಟ್ಟಿ ಸಾಲ ತಂದಿದ್ದೀರಿ, ಲೆಕ್ಕದ ಪುಸ್ತಕ ಬರೆದಿದ್ದೀರಿ. ಅದೇ ದಾರಿಯನ್ನು ಮಕ್ಕಳ ಓದಿಗೂ ಹಿಡಿಯೋಣ.

ಸಭೆ ನಡೆಸುವ ಜಾಗದಲ್ಲಿ ವಾರಕ್ಕೆ ಎರಡು ಸಂಜೆ ಕಾಲೇಜು ಹುಡುಗಿಯರು ಮೂರು-ನಾಲ್ಕು ಜನ ಕೂರಲಿ. ದೀಪ, ಕರಿಹಲಗೆ ಸಂಘ ಕೊಡಲಿ. ಆ ಎರಡು ಗಂಟೆ ಅವರಿಗೆ ನೀರು, ಸೌದೆ, ಅಡುಗೆ ಕೆಲಸ ಬೇಡ. ಜಾತಿ, ಭಾಷೆ ನೋಡಬೇಡಿ. ಪೋಡಿನ ಸೋಲಿಗರ ಹುಡುಗಿಯೂ ಪಕ್ಕದಲ್ಲೇ ಕೂರಲಿ.

ಮೊದಲ ಲೆಕ್ಕ ನೀವೇ ಕೊಡಿ. 10,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ 2 ಬಡ್ಡಿ, ತಿಂಗಳಿಗೆ 1,000 ಅಸಲು ಕಟ್ಟಿ 10 ತಿಂಗಳಲ್ಲಿ ತೀರಿಸಬೇಕು. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಒಟ್ಟು 1,100 ರೂಪಾಯಿ. ಕೊನೇವರೆಗೂ ಪೂರ್ತಿ 10,000ಕ್ಕೇ ಹಾಕಿದರೆ 2,000. ಈ 900 ರೂಪಾಯಿ ವ್ಯತ್ಯಾಸ ಯಾಕೆ ಬಂತು? ಅವರೇ ಚರ್ಚಿಸಿ, ಕರಿಹಲಗೆ ಮೇಲೆ ನಿಮಗೆ ಬಿಡಿಸಿ ತೋರಿಸಲಿ. ಸಾಲಾಗಿ ಇಳಿಯುವ ಸಂಖ್ಯೆಗಳನ್ನು ಕೂಡುವ ಆ ವಿಧಾನ ಅವರ ಕಾಲೇಜಿನ ಗಣಿತದಲ್ಲೂ ಇದೆ.

ಮಗಳು ಒಂದು ಸಲ ಫೇಲಾದರೆ "ನಿನ್ನ ಕೈಲಾಗಲ್ಲ" ಎನ್ನಬೇಡಿ. "ಯಾರ ಜೊತೆ ಕೂತು ಓದಿದೆ?" ಎಂದು ಕೇಳಿ. ಮುಂದಿನ ಸಭೆಯ ನಡಾವಳಿಯಲ್ಲಿ ಈ ವಿಷಯ ಬರೆದು ತೀರ್ಮಾನ ಮಾಡಿ ಎಂದು ಕೇಳಿಕೊಳ್ಳುತ್ತಾ ನನ್ನ ಮಾತು ಮುಗಿಸುತ್ತೇನೆ.