ಅಂಗದನ ಸುತ್ತ ಕೂತವರು



ಆನೆಗೊಂದಿ ಅಂದ ಕೂಡಲೇ ನಮ್ಮ ಕ್ಯಾಮೆರಾಗಳು ತಿರುಗೋದು ಅಂಜನಾದ್ರಿ ಬೆಟ್ಟದ ಕಡೆಗೆ. ಮೇಲೆ ಹನುಮಪ್ಪ, ಕೆಳಗೆ ತುಂಗಭದ್ರೆ, ಸುತ್ತ ಬಾಳೆತೋಟ, ಭತ್ತದ ಗದ್ದೆ. ಆದರೆ ಈ ಕಿಷ್ಕಿಂಧೆಯಲ್ಲಿ ಇನ್ನೊಬ್ಬ ಹುಡುಗನಿದ್ದ. ಅವನನ್ನು ನಾವು ಅಷ್ಟಾಗಿ ನೆನೆಯೋದಿಲ್ಲ. ಅಂಗದ. ವಾಲಿಯ ಮಗ.

ಅವನ ಮನೆ ಪರಿಸ್ಥಿತಿ ನೋಡಿ. ಅಪ್ಪನಿಗೂ ಚಿಕ್ಕಪ್ಪನಿಗೂ ಬದ್ಧ ದ್ವೇಷ. ಅಪ್ಪ ಕಣ್ಣೆದುರೇ ಸತ್ತ. ಆ ಸಾವಿಗೆ ಕಾರಣನಾದ ಚಿಕ್ಕಪ್ಪನೇ ಸಿಂಹಾಸನ ಏರಿದ. ತಾಯಿ ತಾರೆ ಅದೇ ಚಿಕ್ಕಪ್ಪನ ಅಂತಃಪುರ ಸೇರಿದಳು. ಹುಡುಗನಿಗೆ ಯುವರಾಜ ಪಟ್ಟ ಕಟ್ಟಿದರು. ನಿನಗೆ ಹೇಗನಿಸ್ತಿದೆ ಮಗಾ ಅಂತ ಒಬ್ಬರಾದರೂ ಕೇಳಿದರಾ?

ಇದು ಪುರಾಣ ಅಂತ ಪಕ್ಕಕ್ಕಿಡಬೇಡಿ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ಕೈಕೊಟ್ಟರೆ ಊರಿಗೆ ಊರೇ ಗುಳೆ ಹೊರಡುತ್ತದೆ. ಮಕ್ಕಳು ಅಜ್ಜಿ ಹತ್ತಿರ ಉಳೀತಾರೆ. ಅಪ್ಪ-ಅವ್ವ ಯಾವಾಗ ಬರ್ತಾರೋ ಗೊತ್ತಿಲ್ಲ. ಇನ್ನೊಂದು ಮನೆಯಲ್ಲಿ ಅಪ್ಪ ದಿನಾ ಕುಡಿದು ಬರ್ತಾನೆ. ಬಾಗಿಲ ಸದ್ದಾದರೆ ಸಾಕು, ಮಗು ಕಣ್ಣು ಮುಚ್ಚಿ ನಿದ್ದೆ ನಟಿಸುತ್ತೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಣ್ಣುಮಕ್ಕಳು ನಡೆದು ಬಂದ್ರು. ನಮ್ಮ ಕಲ್ಯಾಣ ಕರ್ನಾಟಕದ ತಾಯಂದಿರೂ ಇದ್ದರು. ಅಂಗಡಿ ಮುಚ್ಚಿಸಿ ಅಂದ್ರು. ನ್ಯಾಯವಾದ ಮಾತು. ಆದರೆ ಅಂಗಡಿ ಮುಚ್ಚಿದರೂ ಆ ಮಗುವಿನ ಹೊಟ್ಟೆಯೊಳಗೆ ಕೂತ ಭಯ ಹೋಗುತ್ತಾ?

ಹೋಗಲ್ಲ. ನಾನು ಓದಿದ್ದು ಇಂಜಿನಿಯರಿಂಗ್. ತಳಪಾಯ ಕುಸಿದು ಗೋಡೆ ಬಿರುಕು ಬಿಟ್ಟರೆ, ಮೇಲೆ ಸುಣ್ಣ ಬಳಿದು ಪ್ರಯೋಜನ ಇಲ್ಲ ಅಂತ ಅಲ್ಲಿ ಕಲಿಸ್ತಾರೆ. 1998ರಲ್ಲಿ ಅಮೆರಿಕದಲ್ಲಿ ಫೆಲಿಟ್ಟಿ, ಅಂಡಾ ಎಂಬ ಇಬ್ಬರು ವೈದ್ಯರು ಮತ್ತು ಅವರ ತಂಡ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಬಾಲ್ಯದಲ್ಲಿ ಹೊಡೆತ, ಮನೆಯಲ್ಲಿ ಕುಡಿತ, ತಾಯಿಯ ಮೇಲೆ ದೌರ್ಜನ್ಯ, ಇಂಥವು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತದ ಚಟ, ಹೃದ್ರೋಗದ ಅಪಾಯವೂ ಹೆಚ್ಚು ಅನ್ನೋದು ಅದರಲ್ಲಿ ಕಂಡುಬಂತು. ಮೂವತ್ತು ವರ್ಷದ ಹಿಂದಿನ ಪೆಟ್ಟು ಇವತ್ತು ದೇಹದಲ್ಲಿ ಮಾತಾಡುತ್ತೆ.

ಹಾಗಾದ್ರೆ ದಾರಿ? ಮತ್ತೆ ಅಂಗದನ ಹತ್ತಿರ ಬರೋಣ.

ವಾಲ್ಮೀಕಿಯ ಕಿಷ್ಕಿಂಧಾ ಕಾಂಡದಲ್ಲಿ, ಸೀತೆಯನ್ನು ಹುಡುಕಲು ಕೊಟ್ಟ ಗಡುವು ಮುಗಿದುಹೋಗುತ್ತೆ. ಆಗ ಅಂಗದ ಬಾಯಿಬಿಡ್ತಾನೆ. ಚಿಕ್ಕಪ್ಪನಿಗೆ ನನ್ನ ಮೇಲೆ ಪ್ರೀತಿ ಇಲ್ಲ, ಮನೆಗೆ ಹೋದರೆ ನನ್ನನ್ನು ಉಳಿಸೋದಿಲ್ಲ, ಇಲ್ಲೇ ಉಪವಾಸ ಬಿದ್ದು ಸಾಯ್ತೀನಿ ಅಂತಾನೆ. ಜೊತೆಗಾರರು ಏನು ಮಾಡಿದರು? ಅವನ ಸುತ್ತ ಕೂತರು. ಅತ್ತರು. ನಡೆದದ್ದನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡರು. ಮಾತಿನ ಮಧ್ಯೆ ಜಟಾಯುವಿನ ಹೆಸರು ಬಂತು. ಬೆಟ್ಟದ ಮೇಲಿದ್ದ ರೆಕ್ಕೆ ಸುಟ್ಟ ಮುದಿ ಹದ್ದಿನ ಕಿವಿಗೆ ಬಿತ್ತು. ಅವನು ಸಂಪಾತಿ, ಜಟಾಯುವಿನ ಅಣ್ಣ. ತಮ್ಮನನ್ನು ಸೂರ್ಯನ ಬಿಸಿಲಿನಿಂದ ಕಾಯಲು ಹೋಗಿ ರೆಕ್ಕೆ ಕಳಕೊಂಡವನು. ಕೆಳಗಿಳಿಯಲೂ ಆಗದ ಅವನನ್ನು ಈ ಹುಡುಗರೇ ಇಳಿಸಿದರು. ಅವನು ತನ್ನ ಕಥೆ ಹೇಳಿಕೊಂಡ, ಸೀತೆ ಇರುವ ಜಾಗ ಹೇಳಿದ. ಹೇಳುತ್ತಿದ್ದಂತೆಯೇ ಅವನಿಗೆ ಹೊಸ ರೆಕ್ಕೆ ಮೂಡಿತು.

ನೊಂದವರು ನೊಂದವರ ಮುಂದೆ ಮಾತಾಡಿದಾಗ ದಾರಿ ಸಿಕ್ಕಿತು. ನಾನು ಹೇಳಬೇಕಾದ್ದು ಇಷ್ಟೇ.

ಹೊರಗಿನ ಜಗತ್ತು ಇದನ್ನು ಒಂದು ಪದ್ಧತಿ ಮಾಡಿಕೊಂಡಿದೆ. 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಇಬ್ಬರು ಕುಡುಕರು ಎದುರುಬದುರು ಕೂತು ಮಾತಾಡಿದ್ದರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. 1951ರಲ್ಲಿ ಅವರ ಮನೆಯವರಿಗಾಗಿ ಅಲ್-ಅನಾನ್ ಬಂತು. 1970ರ ದಶಕದಲ್ಲಿ ಕುಡುಕರ ಮನೆಯಲ್ಲಿ ಬೆಳೆದು ದೊಡ್ಡವರಾದ ಮಕ್ಕಳೇ ನ್ಯೂಯಾರ್ಕ್‌ನಲ್ಲಿ ತಮ್ಮದೇ ಗುಂಪು ಕಟ್ಟಿಕೊಂಡರು.

ನಮಗೆ ಇದು ಕಷ್ಟವಾ? ವಾರಕ್ಕೊಮ್ಮೆ ಕೂತು ಪುಸ್ತಕದಲ್ಲಿ ಲೆಕ್ಕ ಬರೆಯುವ ಸ್ವಸಹಾಯ ಸಂಘ ನಮ್ಮೂರುಗಳಲ್ಲಿ ಇದೆಯಲ್ಲ? ಕೂರೋದು ನಮಗೆ ಗೊತ್ತು. ಕೂತು ಬೇರೆ ಮಾತಾಡಬೇಕು, ಅಷ್ಟೇ.

ಐದಾರು ಜನ ಸಾಕು. ವಾರಕ್ಕೊಂದು ಗಂಟೆ. ಒಂದೇ ಜಾಗ, ಒಂದೇ ಹೊತ್ತು. ಮೊದಲು ಒಂದು ಪುಸ್ತಕದ ಎರಡು ಪುಟ ಓದಿ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಮನಸ್ಸಿನ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಓದು ಬಾರದವರಿಗೆ ಒಬ್ಬರು ಗಟ್ಟಿಯಾಗಿ ಓದಿ ಹೇಳಲಿ. ಆಮೇಲೆ ಒಬ್ಬೊಬ್ಬರಾಗಿ ಐದೈದು ನಿಮಿಷ ಮಾತಾಡಲಿ. ಮಧ್ಯೆ ಬಾಯಿ ಹಾಕೋದು ಬೇಡ. ಬುದ್ಧಿ ಹೇಳೋದಂತೂ ಬೇಡವೇ ಬೇಡ. ಮಾತು ಬಾರದಿದ್ದರೆ ಸುಮ್ಮನೆ ಕೂರಲಿ. ಪ್ರತಿ ವಾರ ಬೇರೆಯವರು ನಡೆಸಲಿ. ಇಲ್ಲದಿದ್ದರೆ ಮೂರು ತಿಂಗಳಲ್ಲಿ ಒಬ್ಬರು ಗುರುಗಳಾಗ್ತಾರೆ, ಉಳಿದವರು ಭಕ್ತರಾಗ್ತಾರೆ.

ಎಲ್ಲಕ್ಕಿಂತ ದೊಡ್ಡದು ಗುಟ್ಟು. ಹಳ್ಳಿಯಲ್ಲಿ ಗೋಡೆಗೂ ಕಿವಿ. ಇಲ್ಲಿ ಹೇಳಿದ ಮಾತು ನಾಳೆ ಬೆಳಿಗ್ಗೆ ಚಹಾದಂಗಡಿಯಲ್ಲಿ ಕೇಳಿಸಿದರೆ ಆ ಮನುಷ್ಯ ಜೀವನದಲ್ಲಿ ಮತ್ತೆ ಬಾಯಿ ತೆರೆಯಲ್ಲ. ಹೊಸ ಗಾಯ ಮಾಡಿದ ಪಾಪ ನಿಮ್ಮದು. ಹಾಗಾಗಿ ಒಂದೇ ಮನೆತನದವರು, ಸಾಲ ಕೊಟ್ಟವರು, ತಗೊಂಡವರು ಒಂದೇ ಗುಂಪಿನಲ್ಲಿ ಬೇಡ. ಹೆಣ್ಣುಮಕ್ಕಳದ್ದು ಬೇರೆಯೇ ಇರಲಿ. ವಾಟ್ಸಾಪ್ ಗ್ರೂಪ್ ಮಾಡಲೇಬೇಡಿ.

ಹೆತ್ತವರನ್ನು ಬಯ್ಯೋಕೆ ಒಂದು ಸಂಘವಾ ಅಂತ ಕೆಲವರು ಕೇಳ್ತೀರಿ. ಅಲ್ಲ ಸ್ವಾಮಿ. ಇದು ನ್ಯಾಯಾಲಯ ಅಲ್ಲ. ಆ ಅಪ್ಪನೂ ಒಂದು ಕಾಲಕ್ಕೆ ಹಸಿದ, ಹೆದರಿದ ಮಗುವೇ ಇದ್ದಿರಬಹುದು. ಹಾಗಂತ ಬಿದ್ದ ಪೆಟ್ಟು ಸುಳ್ಳಾಗಲ್ಲ. ಕ್ಷಮಿಸೋದು ಬಿಡೋದು ನೊಂದವರಿಗೆ ಬಿಟ್ಟದ್ದು. ಅಂಗದ ಮನಸ್ಸು ಬಿಚ್ಚಿ ಹೇಳಿಕೊಂಡ, ಆಮೇಲೆ ಎದ್ದು ಕೆಲಸ ಮಾಡಿದ. ರಾವಣನ ಸಭೆಗೆ ರಾಯಭಾರಿಯಾಗಿ ಹೋದವನೂ ಅವನೇ.

ಗುಂಪು ಆಸ್ಪತ್ರೆ ಅಲ್ಲ, ನೆನಪಿಡಿ. ಯಾರಾದರೂ ಸಾಯುವ ಮಾತಾಡಿದರೆ, ನಿದ್ದೆ ಊಟ ಬಿಟ್ಟರೆ, ಮುಂದಿನ ವಾರಕ್ಕೆ ಕಾಯಬೇಡಿ. ಸರ್ಕಾರದ ಟೆಲಿ-ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇವತ್ತೂ ಒಂದು ಮಗುವಿಗೆ ಹಿಂಸೆ ಆಗ್ತಿದೆ ಅಂತ ಗೊತ್ತಾದರೆ 1098ಕ್ಕೆ ಕರೆ ಮಾಡಿ. ಅಲ್ಲಿ ಗುಟ್ಟಿನ ನಿಯಮ ಅನ್ವಯಿಸಲ್ಲ.

ಮುಂದಿನ ಸಲ ಆನೆಗೊಂದಿಗೆ ಹೋದರೆ ಹನುಮಪ್ಪನಿಗೆ ಕೈಮುಗಿಯಿರಿ. ಹಾಗೇ ನಿಮ್ಮ ಪಕ್ಕದಲ್ಲಿ ಮೆಟ್ಟಿಲು ಹತ್ತುತ್ತಿರುವ ಗೆಳೆಯನನ್ನೂ ಒಮ್ಮೆ ನೋಡಿ. ಅವನೂ ಯಾವುದೋ ಮನೆಯ ಅಂಗದ ಇರಬಹುದು. ಸುತ್ತ ಕೂರೋಕೆ ನಾಲ್ಕು ಜನ ಬೇಕು. ನೀವು ಒಬ್ಬರಾಗ್ತೀರಾ?